ಒಂದು ಹೆಚ್ಚು

"ಬನ್ನಿ."

ನಿವೃತ್ತರಾಗಿ ಒಬ್ಬರೇ ಇದ್ದ ನಾಗವೇಣಿ ಟೀಚರ್ ಅಂದು ಬಾಯಿಬಿಟ್ಟು ಆಡಿದ ಮೊದಲ ಮಾತು ಅದು. ಆಗ ಸಂಜೆ ಐದಾಗಿತ್ತು.

ಬಾಗಿಲಲ್ಲಿ ಒಬ್ಬ ತಾಯಿ, ಮೂರನೇ ಕ್ಲಾಸಿನ ಮಗಳು.

"ಇವಳು ಲೆಕ್ಕದಲ್ಲಿ ತುಂಬಾ ಹಿಂದೆ ಟೀಚರ್. ಅಬಾಕಸ್‌ಗೆ ಸೇರಿಸ್ಲಾ, ನಿಮ್ಮ ಹತ್ರ ಟ್ಯೂಷನ್‌ಗೆ ಕಳಿಸ್ಲಾ ಗೊತ್ತಾಗ್ತಿಲ್ಲ. ಅದಕ್ಕೇ ಇವತ್ತು ರಜ ಹಾಕಿ ಕರ್ಕೊಂಡ್ಬಂದೆ. ಒಂದ್ಸಲ ನೋಡಿ ಹೇಳಿ," ಎಂದ ತಾಯಿ, ಫೋನ್ ಬಂತೆಂದು ಅಂಗಳಕ್ಕೆ ಹೋದಳು.

ಟೀಚರ್ ಹತ್ತು ಲೆಕ್ಕ ಕೊಟ್ಟರು. ಹುಡುಗಿ ಬೆರಳು ಕೂಡ ಎಣಿಸದೆ ಸರಸರನೆ ಬರೆದುಕೊಟ್ಟಳು. ಹತ್ತೂ ತಪ್ಪು. ಏಳೆಂಟ್ಲಿ ಐವತ್ತೇಳು. ನೂರರಲ್ಲಿ ಅರವತ್ತು ಕಳೆದರೆ ನಲವತ್ತೊಂದು. ಟೀಚರ ಕೆಂಪು ಪೆನ್ನು ಅಲ್ಲೇ ನಿಂತಿತು. ಪ್ರತಿ ಉತ್ತರವೂ ಸರಿಯಾದದ್ದಕ್ಕಿಂತ ಒಂದೇ ಒಂದು ಹೆಚ್ಚು. ಸರಿಯುತ್ತರ ಗೊತ್ತಿಲ್ಲದವರಿಗೆ ಹೀಗೆ ತಪ್ಪು ಮಾಡಲು ಬರುವುದಿಲ್ಲ.

"ಬೇಕಂತಲೇ ತಪ್ಪು ಬರೆದ್ಯಾ ಪುಟ್ಟಿ?"

ಹುಡುಗಿ ಅಂಗಳದತ್ತ ನೋಡಿ ದನಿ ತಗ್ಗಿಸಿದಳು.

"ಅಮ್ಮಂಗೆ ಹೇಳ್ಬೇಡಿ ಟೀಚರ್. ಲೆಕ್ಕ ಬರುತ್ತೆ ಅಂದ್ರೆ ಎಲ್ಲಿಗೂ ಕಳಿಸಲ್ಲ. ಸ್ಕೂಲಿಂದ ಬಂದ್ರೆ ಮನೇಲಿ ಯಾರೂ ಇರಲ್ಲ. ಅಮ್ಮ ಬರೋದು ಏಳೂವರೆಗೆ. ಭಾನುವಾರ ಮಾತ್ರ ಇಡೀ ದಿನ ನನ್ ಜೊತೆ ಇರ್ತಾಳೆ."

ಟೀಚರ್ ಆ ಹಾಳೆಯನ್ನು ಮಡಿಚಿ ಪುಸ್ತಕದೊಳಗೆ ಇಟ್ಟರು. ತಾಯಿ ಒಳಬಂದಳು.

"ಅಬಾಕಸ್‌ನವರು ವಾರಕ್ಕೆ ಎರಡು ದಿನ ಸಾಕು ಅಂದ್ರು. ನಿಮ್ಮ ಹತ್ರ ಎಷ್ಟು ದಿನ ಬೇಕಾಗುತ್ತೆ?"

"ದಿನಾ ಕಳಿಸಿ," ಎಂದರು ಟೀಚರ್. "ಭಾನುವಾರಾನೂ."