ಮಸ್ಕತ್ತಿಗೆ ಬೇಕಾದ ನೆರಳು

ಮಸ್ಕತ್ ಪ್ರವಾಸಕ್ಕೆ ಹೋಗುವವರು ದಿನಾ ಒಂದಷ್ಟು ಹೊತ್ತು ಅಲ್ಲಿನ ಬೀದಿಯಲ್ಲಿ ನಿಂತು ಊರವರಿಗೆ ನೆರಳು ಕೊಡಬೇಕಿತ್ತು. ಹಾಗಾಗಿ ಹುಬ್ಬಳ್ಳಿಯ ಟ್ರಾವೆಲ್ಸ್ ಆಫೀಸಿನ ಮಾಳಿಗೆಯ ಮೇಲೆ ಏಜೆಂಟ್ ಮೆಹಬೂಬ ಟೇಪು ಹಿಡಿದು ಗಿರಾಕಿಗಳ ನೆರಳು ಅಳೆಯುತ್ತಿದ್ದ.

ನೀಲಾಂಬಿಕಾ ಬಿಸಿಲಿಗೆ ಬಂದು ನಿಂತ ಕೂಡಲೇ ಅವನ ಮುಖ ಅರಳಿತು. "ಏನ್ ನೆರಳ್ರೀ ಅಕ್ಕಾರ! ನಾಕ್ ಮಂದಿ ಕುಂತು ಉಣಬಹುದು. ನಿಮ್ಮ ವೀಸಾ ಆತಂತ ತಿಳೀರಿ."

ಮದುವೆಯಾದಾಗಿನಿಂದ ಆಕೆಯ ದಪ್ಪ ಮೈಯನ್ನು ಆಡಿಕೊಳ್ಳುತ್ತಲೇ ಬಂದಿದ್ದ ಗಂಡ ವೀರಭದ್ರಪ್ಪ ಮುಂದೆ ಬಂದ. ಯೋಗ ಮಾಡಿ ಮಾಡಿ ಕಡ್ಡಿಯಾಗಿದ್ದ ಆತನ ನೆರಳನ್ನು ಮೆಹಬೂಬ ಮತ್ತೆ ಮತ್ತೆ ಅಳೆದ.

"ಸಾಹೇಬ್ರ, ಇದರಾಗ ಒಂದು ಬೆಕ್ಕೂ ಕುಂದ್ರಂಗಿಲ್ರಿ."

ವೀರಭದ್ರಪ್ಪ ಅವಸರದಿಂದ ಛತ್ರಿ ಬಿಚ್ಚಿದ.

"ಛತ್ರಿ ನಡಿಯಂಗಿಲ್ರಿ. ಸ್ವಂತ ನೆರಳ ಬೇಕು."

ವೀರಭದ್ರಪ್ಪ ಹೆಂಡತಿಯತ್ತ ತಿರುಗಿದ. "ನೀ ಒಬ್ಬಾಕಿನ ಹೆಂಗ ಹೋಗ್ತಿ?"

ನೀಲಾಂಬಿಕಾ ಅಂಗಳದಷ್ಟಗಲ ಚಾಚಿದ್ದ ತನ್ನ ನೆರಳನ್ನು ಕಣ್ತುಂಬ ನೋಡಿಕೊಂಡಳು. "ವಿಮಾನದಾಗ," ಎಂದಳು.

ಮೆಟ್ಟಿಲು ಇಳಿಯುವಾಗ ವೀರಭದ್ರಪ್ಪ ಹಿಂದಿನಿಂದ ಮೆಲ್ಲಗೆ ಕೇಳಿದ: "ಅಲ್ಲಾ... ನೀ ಅನ್ನಕ್ಕ ತುಪ್ಪ ಎಷ್ಟು ಹಾಕ್ಕೋತಿ?"