ಕುದುರೆಯ ಮೂಳೆ

“ನೀವು ಹೇಳೋದೇ ಸರಿ ಬ್ರದರ್ ಟೋಲ್ಮನ್. ಕುದುರೆ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ,” ಎಂದು ಥೇನ್ ಕೈಚೆಲ್ಲಿಬಿಟ್ಟ. ಚರ್ಚಿನ ಕಡೆಯಿಂದ ಯೋಗಕ್ಷೇಮ ವಿಚಾರಿಸಲು ಬಂದವನು ಅವನು. ಬರುವಾಗ, ಟೋಲ್ಮನ್‌ನ ತೀರಿಕೊಂಡ ಹೆಂಡತಿ ಲವೋನಾ ಹಿಂದೆ ಅಡುಗೆ ಕಳಿಸಿದ್ದ, ಯಾರದೋ ಮನೆಯಲ್ಲಿ ಉಳಿದುಹೋಗಿದ್ದ ಗಾಜಿನ ಪಾತ್ರೆಯನ್ನೂ ತಂದು ಮೇಜಿನ ಮೇಲಿಟ್ಟಿದ್ದ. ಅದರ ತಳದಲ್ಲಿ ಅವಳ ಹೆಸರು ಬರೆದ ಚೀಟಿ ಇನ್ನೂ ಅಂಟಿಕೊಂಡಿತ್ತು.

ಟೋಲ್ಮನ್‌ಗೆ ಬೇಕಿದ್ದುದು ಈ ಉತ್ತರವಲ್ಲ. ಹೆಂಡತಿ ಬದುಕಿದ್ದಷ್ಟು ಕಾಲ ಪ್ರತಿ ಭಾನುವಾರದ ಊಟಕ್ಕೂ ಇದೇ ಜಗಳ. ನಮ್ಮ ಚರ್ಚಿನ ಮೋರ್ಮನ್ನರ ಗ್ರಂಥದಲ್ಲಿ, ಯುರೋಪಿನವರು ಕುದುರೆ ತರುವ ಮೊದಲಿನ ಹಳೆಯ ಅಮೆರಿಕದ ತುಂಬ ಕುದುರೆಗಳಿವೆಯಲ್ಲ, ಆ ಕಾಲದ ಒಂದು ಮೂಳೆ ತೋರಿಸು ಎಂದು ಇವನು. ಅದನ್ನು ಹೊರತಂದ, ಓದುಬರಹ ಅಷ್ಟಕ್ಕಷ್ಟೇ ಇದ್ದ ಹಳ್ಳಿ ಹುಡುಗ ಅಷ್ಟು ದೊಡ್ಡ ಗ್ರಂಥವನ್ನು ತಾನೇ ಕಟ್ಟಿದನೇ ಎಂದು ಅವಳು. ಗೆದ್ದೆನೆಂದುಕೊಂಡು ಇವನು ಇನ್ನೊಂದು ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ. ಆಗ ಗೆಲುವಿನಿಂದ ನಷ್ಟವೇನೂ ಇರಲಿಲ್ಲ, ಎದುರಿಗೆ ಅವಳಿದ್ದಳು. ಈಗ ಗ್ರಂಥ ಸುಳ್ಳಾದರೆ, ದೇವಾಲಯದಲ್ಲಿ ಅವರಿಬ್ಬರಿಗೆ ಹಾಕಿದ್ದ, ಸಾವಿಗೂ ಬಿಚ್ಚದ ಮದುವೆಯ ಗಂಟೂ ಸುಳ್ಳು. ಸೋಲಲೆಂದೇ ಅವನು ಇವತ್ತು ಮಾತು ತೆಗೆದಿದ್ದ.

“ಮತ್ತೆ ಸಿಗೋಣ ಬ್ರದರ್,” ಎಂದು ಥೇನ್ ಎದ್ದ.

“ಇಷ್ಟು ಬೇಗ ಒಪ್ಕೋಬೇಡಪ್ಪ, ಕೂತ್ಕೋ.” ಟೋಲ್ಮನ್ ಪಾತ್ರೆಯನ್ನು ಬೋರಲು ಹಾಕಿ, ಏಳುತ್ತಿದ್ದ ಚೀಟಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. “ಅವಳು ಏನಂತಿದ್ಳು ಗೊತ್ತಾ? ‘ರೀ, ನಿಮ್ಮ ಕನ್ನಡಕಾನೇ ನಿಮಗೆ ಸಿಗಲ್ಲ, ಕುದುರೆ ಮೂಳೆ ಎಲ್ಲಿಂದ ಸಿಗುತ್ತೆ?’ ಅಂತಿದ್ಳು.” ಅವನ ದನಿ ಇಳಿಯಿತು. “ನಾನು ಮತ್ತೆ ಕೇಳ್ತೀನಿ. ನೀನು ಹಾಗೆ ಅನ್ನು.”