ಜಂಗು ಹತ್ತಿದ ಚಿಲಕ

ಬಾಗಿಲನ್ನು ಕಾಯಂ ಆಗಿ ಮುಚ್ಚಬೇಕೆಂದರೆ ಮೊದಲು ಒಮ್ಮೆ ತೆರೆಯಬೇಕಿತ್ತು. ಚೌಕಟ್ಟು ಕಿತ್ತು ಇಟ್ಟಿಗೆ ಕಟ್ಟಲು ಬಂದಿದ್ದ ಗೌಂಡಿ ಸೂಗಪ್ಪ ಚಿಲಕವನ್ನು ಎಳೆದ, ಅಲುಗಿಸಿದ, ಕರಣಿಯ ಹಿಡಿಕೆಯಿಂದ ಗುದ್ದಿದ. ಅದು ಜಪ್ಪಯ್ಯ ಅನ್ನಲಿಲ್ಲ.

“ಆ ಬಾಜೂದಿಂದನೂ ಹಾಕ್ಕೊಂಡಿರಬೇಕು,” ಎಂದರು ಮನೆಯ ಯಜಮಾನ ಗುರುಸಿದ್ದಪ್ಪ. “ಅಂಜಿಕಿ ನಮಗೊಬ್ಬರಿಗೇ ಏನು?”

ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಮಲಾಕ್ಷಿ ಏನೋ ಹೇಳಲು ಬಾಯಿ ತೆರೆದವರು ತಡೆದುಕೊಂಡರು. ಗಂಡನೇ ಕಣ್ಣಾರೆ ನೋಡಲಿ.

ಹಿತ್ತಲ ಗೋಡೆಯ ಆ ಕಿರುಬಾಗಿಲು ಹೆಂಗಸರದು. ಗುರುಸಿದ್ದಪ್ಪ ಗದಗಿನಿಂದ ಬಂದು ಬಾಲಾನಗರದ ಕಾರ್ಖಾನೆ ಸೇರಿ ಈ ಮನೆ ಹಿಡಿದ ವರ್ಷವೇ, ಆಚೆಮನೆಯ ಜಹಾಂಗೀರ್ ಸಾಹೇಬರು ಅದನ್ನು ಕೂರಿಸಿದ್ದರು. ಗಂಡಸರು ಬೀದಿಯ ಕಡೆಯಿಂದಲೇ ಹೋಗಿಬರುತ್ತಿದ್ದರು. ಇಲ್ಲಿ ಓಡಾಡಿದವರು ಕಮಲಾಕ್ಷಿ ಮತ್ತು ಸಾಹೇಬರ ಹೆಂಡತಿ ಖೈರುನ್ನಿಸಾ. ಆಕೆ ರಾಯಚೂರಿನವರು, ಕನ್ನಡ ಬಲ್ಲವರು. ಕಮಲಾಕ್ಷಿ ಆಕೆಯನ್ನು ಉರ್ದುವಿನಲ್ಲಿ ‘ಆಪಾ’ ಎನ್ನುವರು, ಆಕೆ ಕಮಲಾಕ್ಷಿಯನ್ನು ಕನ್ನಡದಲ್ಲಿ ‘ಅಕ್ಕಾ’ ಎನ್ನುವರು. ಇಬ್ಬರಲ್ಲಿ ದೊಡ್ಡವರು ಯಾರೆಂಬುದು ಹದಿನೆಂಟು ವರ್ಷವಾದರೂ ಇತ್ಯರ್ಥವಾಗಿರಲಿಲ್ಲ. ಕರಿಬೇವು, ಹೆಪ್ಪಿಗೆ ಮೊಸರು, ಕೂಸುಗಳ ಹಳೆಯ ಅಂಗಿ, ಎಲ್ಲ ಆ ಬಾಗಿಲಲ್ಲೇ ಅತ್ತಿತ್ತ ಆಗಿದ್ದವು. ಪ್ರತಿ ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನಕ್ಕೆ ಹೊರಟಾಗ “ಅಕ್ಕಾ, ಚಲೋ! ಬಳಿ ಅಂಗಡಿ ಖಾಲಿ ಆಗತಾವ!” ಎಂಬ ಕೂಗು ಬರುತ್ತಿದ್ದದ್ದೂ ಅಲ್ಲಿಂದಲೇ.

ಈ ಸಲದ ಜನವರಿಗೆ ಆ ಕೂಗಿಲ್ಲ. ಡಿಸೆಂಬರಿನಲ್ಲಿ ಊರಲ್ಲಿ ಹಿಂದೂ-ಮುಸ್ಲಿಂ ಗಲಾಟೆಯಾಗಿ ಕರ್ಫ್ಯೂ ಬಿತ್ತು. ಆ ಸಂಜೆಯೇ ಗುರುಸಿದ್ದಪ್ಪ ಚಿಲಕ ಜಡಿದರು. ಮರುದಿನ ಮುಂಜಾನೆ ಹಗ್ಗಕ್ಕೆ ಕಟ್ಟಿದ ಸ್ಟೀಲ್ ಡಬ್ಬಿಯೊಂದು ಗೋಡೆಯ ಮೇಲಿಂದ ಮೆಲ್ಲಗೆ ಇಳಿದುಬಂತು, ತುಂಬ ಹಾಲು. ಬಾಗಿಲು ಹಾಕಿದ್ದು ಆಪಾಗೆ ತಿಳಿದಿತ್ತು. ಬಾಗಿಲು ಬಡಿದು ಇವರು ಮುಖ ತಗ್ಗಿಸುವಂತೆ ಮಾಡಬಾರದೆಂದು ಗೋಡೆಯ ದಾರಿ ಹಿಡಿದಿದ್ದರು. ಡಬ್ಬಿಯನ್ನು ಖಾಲಿ ಮರಳಿಸುವಂತಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಮಾಡಿ ತುಂಬಿಟ್ಟರು ಕಮಲಾಕ್ಷಿ. ಹಬ್ಬ ಕಳೆಯಿತು, ಡಬ್ಬಿ ಕಪಾಟಿನಲ್ಲೇ ಉಳಿಯಿತು. ಮೊನ್ನೆ ಬಾಗ್ದಾದಿನ ಮೇಲೆ ಬಾಂಬು ಬಿದ್ದ ಸುದ್ದಿ ರೇಡಿಯೋದಲ್ಲಿ ಬಂತು. ಇವತ್ತು ಸೂಗಪ್ಪ ಬಂದ.

“ಏನ್ರೀ, ಬಾಗ್ದಾದಿನ್ಯಾಗ ಬಾಂಬ್ ಬಿದ್ರ ನಮ್ಮ ಹಿತ್ತಲದಾಗ ಯಾಕ ಗ್ವಾಡಿ?” ಎಂದು ಕಮಲಾಕ್ಷಿ ಗಂಡನನ್ನು ಕೇಳಿದರು.

“ಎಲ್ಲಾದಕ್ಕೂ ಬೇರು ಒಂದ. ಧರ್ಮ. ಐತವಾರ ಕಾಚಿಗೂಡದ ಕನ್ನಡ ಸಂಘದಾಗ ಇದನ್ನ ಮಾತಾಡಾಂವ ಅದೀನಿ. ಈಗಿನ ಕಾಲದ ಯಾವ ಯುದ್ಧಾನರ ತಗೋ, ತಳದಾಗ ದೇವರ ಹೆಸರು ಇರತೈತಿ.”

“ಇರಾಕಿನವರೂ ಕುವೈತಿನವರೂ ಒಂದ ದೇವರಿಗೆ ಕೈ ಎತ್ತೋರಲ್ಲೇನು?”

“ಅದು... ಅದು ಎಣ್ಣಿ ಸಲುವಾಗಿ.”

“ಹಂಗಾರ ಐತವಾರ ಎಣ್ಣಿ ಬಗ್ಗೆ ಮಾತಾಡ್ರಿ.”

ಸೂಗಪ್ಪ ಮೀಸೆಯಲ್ಲೇ ನಕ್ಕ. “ನಿನಗ ಎಲ್ಲಾದರಾಗೂ ಚ್ಯಾಷ್ಟಿ,” ಎಂದರು ಗುರುಸಿದ್ದಪ್ಪ. “ದೇವರ ಹೆಸರು ಹೇಳಿಕೊಂಡು ಮಂದಿ ಹೆಂಗ ಆಗತಾರ, ಡಿಸೆಂಬರಿನ್ಯಾಗ ನೋಡಲಿಲ್ಲೇನು?” ಧ್ವನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು. ಆ ಮಾತು ಸುಳ್ಳಲ್ಲವೆಂದು ಕಮಲಾಕ್ಷಿಗೂ ಗೊತ್ತಿತ್ತು.

ಆಕೆ ಬಾಗಿಲ ಹತ್ತಿರ ಹೋಗಿ ಬಗ್ಗಿ ನೋಡಿದರು. ಪಕ್ಕದ ಬಚ್ಚಲಿನ ತೇವಕ್ಕೆ ಚಿಲಕ ಕೆಂಪಗೆ ಕಚ್ಚಿಕೊಂಡಿತ್ತು. ಸೆರಗು ಸಿಕ್ಕಿಸಿ, ಎಷ್ಟೋ ದಿನಗಳಿಂದ ಗಂಟಲಲ್ಲೇ ಇದ್ದ ಕೂಗನ್ನು ಕೂಗಿಬಿಟ್ಟರು.

“ಆಪಾ! ಜಂಗು ಹತ್ತೇತಿ!”

ಹಲಗೆಯ ಹಿಂದಿನಿಂದಲೇ, ಅಲ್ಲೇ ನಿಂತು ಕಾಯುತ್ತಿದ್ದವರ ಹಾಗೆ, ನಡುಗುವ ಧ್ವನಿಯೊಂದು ಬಂತು. “ಗೊತ್ತೈತಿ ಅಕ್ಕಾ. ನಾನೂ ರೇಡಿಯೋ ಕೇಳೀನಿ. ಜಂಗ್ ಹತ್ತಿದ್ದು ಅಲ್ಲಿ. ಅದಕ್ಕ ನಾವೇನ್ ಮಾಡೇವಿ?”

ಗದಗಿನ ಬಾಯಲ್ಲಿ ತುಕ್ಕಿಗೆ ಜಂಗು. ಆಪಾನ ಉರ್ದುವಿನಲ್ಲಿ ಜಂಗ್ ಎಂದರೆ ಯುದ್ಧ.

“ಅಯ್ಯ, ಆ ಜಂಗು ಅಲ್ರೀ! ಚಿಲಕಕ್ಕ! ಚಿಲಕಕ್ಕ ಜಂಗು!”

“ಅದು ಝಂಗ್! ಝಂಗ್ ಅನ್ರಿ ಅಕ್ಕಾ! ಎಷ್ಟು ವರ್ಷ ಆತು ಕಲಿಸಾಕತ್ತು, ನಿಮ್ಮ ನಾಲಗಿ ಹೊಳ್ಳಂಗಿಲ್ಲ! ನನ್ನ ಜೀವಾನ ಹೋಗಿತ್ತು!” ಆಚೆಯಿಂದ ಬಂದದ್ದು ನಗುವೋ ಅಳುವೋ ತಿಳಿಯಲಿಲ್ಲ.

“ತಡೀರಿ. ಆ ಜಂಗು ಎಣ್ಣಿ ಇದ್ದದ್ದಕ್ಕ ಹತ್ತೇತಿ, ಈ ಜಂಗು ಎಣ್ಣಿ ಇಲ್ಲದ್ದಕ್ಕ,” ಎನ್ನುತ್ತ ಕಮಲಾಕ್ಷಿ ಒಳಗೆ ಓಡಿದರು. ಕುಸುಬಿ ಎಣ್ಣೆಯ ಗಿಂಡಿಯೊಂದಿಗೆ ಡಬ್ಬಿಯನ್ನೂ ತಂದರು.

ಎಣ್ಣೆ ಕುಡಿದ ಚಿಲಕ ಸೂಗಪ್ಪನ ಕೈಗೆ ನರಳುತ್ತ ಸರಿಯಿತು. ಆಚೆಯಿಂದ ಒಂದೇ ನೂಕು. ಬಾಗಿಲು ಇತ್ತ ಬಂದು ಗೋಡೆಗೊರಗಿತು. ಖೈರುನ್ನಿಸಾ ಕಮಲಾಕ್ಷಿ ನೀಡಿದ ಡಬ್ಬಿಯ ಮುಚ್ಚಳ ತೆಗೆದು, ನಾಲ್ಕು ಕುಸುರೆಳ್ಳು ಬಾಯಿಗೆ ಹಾಕಿಕೊಂಡು, “ಮೆತ್ತಗಾಗ್ಯಾವ,” ಎಂದು ಕಣ್ಣೊರೆಸಿಕೊಂಡರು.

ಗುರುಸಿದ್ದಪ್ಪ ಬಾಗಿಲಿನ ಆಚೆಮುಖವನ್ನು ನೋಡುತ್ತಿದ್ದರು. ಅಲ್ಲಿ ಚಿಲಕವಿರಲಿಲ್ಲ. ಎಂದೋ ಇದ್ದು ಕಿತ್ತದ್ದೆನ್ನಲು ಒಂದು ಮೊಳೆಯ ತೂತೂ ಇರಲಿಲ್ಲ. ಎದೆಮಟ್ಟದಲ್ಲಿ, ನೂಕಿ ನೂಕಿ ನುಣುಪಾದ ಅಂಗೈಯಗಲದ ಗುರುತೊಂದಿತ್ತು.

“ಯಜಮಾನ್ರ, ಸಿಮೆಂಟ್ ಕಲಸ್ಲೇನು?” ಎಂದ ಸೂಗಪ್ಪ.

ಗುರುಸಿದ್ದಪ್ಪನವರ ಅಂಗೈ ಆ ನುಣುಪಿನ ಮೇಲಿತ್ತು.